ಅಚ್ಚಿನಲ್ಲಿ ಅಂಚು ಮೂಡದಿದ್ದಾಗ: ವಸಡಿನ ನಿರ್ವಹಣೆಯಲ್ಲಿ ದೋಷ ಪತ್ತೆ ಹಚ್ಚುವ ಬಗೆ

ಹಲ್ಲಿಗೆ ತೊಡಿಸುವ ಕವಚವಾದ ಕ್ರೌನ್ ಅಥವಾ ಬ್ರಿಜ್‌ಗಾಗಿ ತೆಗೆದ ಅಚ್ಚನ್ನು ಲ್ಯಾಬಿಗೆ ಕಳುಹಿಸಿದ ಮರುದಿನ ಅಲ್ಲಿಂದ ಬರುವ ಕರೆಗಳಲ್ಲಿ ದಂತವೈದ್ಯರಿಗೆ ಬಹಳ ಪರಿಚಿತವಾದ ಮಾತೊಂದಿದೆ: "ಡಾಕ್ಟ್ರೇ, ಮಾರ್ಜಿನ್ ಸಿಗ್ತಾ ಇಲ್ಲ." ಅಂದರೆ ಹಲ್ಲಿನ ಕೊರೆದ ಭಾಗ ಮುಗಿಯುವ ಅಂಚು ಅಚ್ಚಿನಲ್ಲಿ ಸ್ಪಷ್ಟವಾಗಿಲ್ಲ. ಆಗ ನಾವು ರೋಗಿಯನ್ನು ಮತ್ತೆ ಕರೆಸಿ ಅದೇ ವಿಧಾನದಲ್ಲಿ ಇನ್ನೊಂದು ಅಚ್ಚು ತೆಗೆಯುತ್ತೇವೆ, ಇಲ್ಲವೇ ತಪ್ಪನ್ನು ಸಾಮಗ್ರಿಯ ಮೇಲೆ ಹೊರಿಸಿ ಬೇರೆ ಸಿಲಿಕೋನ್ ತರಿಸುತ್ತೇವೆ. ನನ್ನ ಅನುಭವದಲ್ಲಿ ಈ ಎರಡೂ ದಾರಿಗಳಿಂದ ದೋಷ ಹೋಗುವುದು ಅಪರೂಪ. ಏಕೆಂದರೆ ಅಂಚು ಮೂಡದಿರುವುದಕ್ಕೆ ಕಾರಣ ಹೆಚ್ಚಾಗಿ ವಸಡಿನಲ್ಲಿ, ಅದರ ಆರೋಗ್ಯದಲ್ಲಿ ಮತ್ತು ಅದಕ್ಕೆ ನಾವು ಕೊಟ್ಟ ಸಮಯದಲ್ಲಿ ಇರುತ್ತದೆ. ಆ ಕಾರಣ ಯಾವುದೆಂಬುದನ್ನು ಅಚ್ಚಿನಲ್ಲಿ ಕಾಣುವ ದೋಷದ ಆಕಾರವೇ ತಿಳಿಸುತ್ತದೆ. ಆದ್ದರಿಂದ ಎರಡನೆಯ ಅಚ್ಚಿಗೆ ಕೈ ಹಾಕುವ ಮೊದಲು ಕೆಟ್ಟ ಅಚ್ಚನ್ನು ಕೂತು ಓದಬೇಕು. ಈ ಬರಹ ಆ ಓದಿಗಾಗಿ.

ಅಚ್ಚನ್ನು ಓದುವುದು

ಟ್ರೇ ಬಾಯಿಯಿಂದ ಹೊರಬಂದ ಕೂಡಲೇ ಅಚ್ಚನ್ನು ನೀರಿನಲ್ಲಿ ತೊಳೆದು, ಗಾಳಿಯಿಂದ ಒಣಗಿಸಿ, ಲೂಪ್ (ದೊಡ್ಡದಾಗಿ ತೋರಿಸುವ ಕನ್ನಡಕ) ಹಾಕಿಕೊಂಡು, ಬೆಳಕು ಪಕ್ಕದಿಂದ ಬೀಳುವಂತೆ ಹಿಡಿದು ನೋಡಬೇಕು. ಮೇಲಿನಿಂದ ನೇರವಾಗಿ ಬೀಳುವ ಬೆಳಕಿನಲ್ಲಿ ಸಣ್ಣ ತಗ್ಗುಗಳು ಕಾಣಿಸುವುದಿಲ್ಲ. ಅಂಚಿನ ಒಂದು ಬಿಂದುವಿನಿಂದ ಆರಂಭಿಸಿ, ಕಣ್ಣನ್ನು ಸುತ್ತಲೂ ತಿರುಗಿಸಿ ಮತ್ತೆ ಅದೇ ಬಿಂದುವಿಗೆ ಬರಬೇಕು. ಅಂಚು ಕಂಡರಷ್ಟೇ ಸಾಲದು. ಅಂಚನ್ನು ದಾಟಿ, ಕೊರೆಯದೆ ಬಿಟ್ಟ ಹಲ್ಲಿನ ಮೇಲ್ಮೈಯ ಮೇಲೂ ಲೈಟ್ ಬಾಡಿ, ಅಂದರೆ ಸಿರಿಂಜಿನಿಂದ ಹಾಕುವ ತೆಳು ಸಾಮಗ್ರಿ, ತೆಳುವಾದ ಸೆರಗಿನಂತೆ ಹರಡಿರಬೇಕು. ಈ ಸೆರಗು ಇದ್ದರೆ ಮಾತ್ರ ತಂತ್ರಜ್ಞರು ಹಲ್ಲಿನ ಅಂಚು ಎಲ್ಲಿ ಮುಗಿಯಿತು, ವಸಡು ಎಲ್ಲಿ ಶುರುವಾಯಿತು ಎಂದು ಬೇರ್ಪಡಿಸಿ ಡೈ (ಆ ಹಲ್ಲಿನ ಮಾದರಿ) ಕತ್ತರಿಸಬಲ್ಲರು. ಸೆರಗಿಲ್ಲದ ಕಡೆ ಅವರು ಊಹಿಸಬೇಕಾಗುತ್ತದೆ, ಮತ್ತು ಅವರ ಊಹೆಯ ಫಲವನ್ನು ರೋಗಿಯ ವಸಡು ವರ್ಷಗಟ್ಟಲೆ ಅನುಭವಿಸುತ್ತದೆ.

ಈ ಪರೀಕ್ಷೆಯನ್ನು ರೋಗಿ ಇನ್ನೂ ಕುರ್ಚಿಯಲ್ಲಿ ಇರುವಾಗಲೇ ಮುಗಿಸಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ. ಅರಿವಳಿಕೆ ಇಳಿದಿಲ್ಲ, ವಸಡು ಇನ್ನೂ ಸ್ವಲ್ಪ ತೆರೆದಿದೆ, ದೋಷವನ್ನು ಬಾಯಿಯೊಂದಿಗೆ ಹೋಲಿಸಿ ನೋಡಬಹುದು. ಸಂಜೆ ಲ್ಯಾಬಿನವರು ಬಂದು ಕೊಂಡೊಯ್ಯುವಾಗ ನೋಡಿದರೆ ಈ ಮೂರೂ ಅನುಕೂಲಗಳು ಕೈ ತಪ್ಪಿರುತ್ತವೆ.

ಅಂಚು ಚೂಪಾಗಿದೆ, ಆದರೆ ಸೆರಗಿಲ್ಲ

ಅಂಚಿನವರೆಗೆ ಎಲ್ಲವೂ ಸ್ಪಷ್ಟವಾಗಿ ಮೂಡಿ, ಅಲ್ಲಿಂದಾಚೆ ಸಾಮಗ್ರಿ ಥಟ್ಟನೆ ನಿಂತಿದ್ದರೆ, ಹಲ್ಲಿಗೂ ವಸಡಿಗೂ ನಡುವಿನ ಸಂದು, ಅಂದರೆ ಸಲ್ಕಸ್, ಆ ಜಾಗದಲ್ಲಿ ತೆರೆದಿರಲಿಲ್ಲ ಎಂದರ್ಥ. ಸಾಮಗ್ರಿ ಒಳಗೆ ಹೋಗಿ, ತುಂಡಾಗದೆ ಹೊರಬರಬೇಕಾದರೆ ಅಂಚಿನ ಮಟ್ಟದಲ್ಲಿ ಸಲ್ಕಸ್ ಕನಿಷ್ಠ 0.2 ಮಿಲಿಮೀಟರ್ ಅಗಲ ತೆರೆದಿರಬೇಕು. ಅದಕ್ಕಿಂತ ಕಡಿಮೆಯಾದರೆ ಒಂದೋ ಸಾಮಗ್ರಿ ಒಳಗೆ ಹೋಗುವುದಿಲ್ಲ, ಹೋದರೂ ಹರಿದು ಒಳಗೇ ಉಳಿಯುತ್ತದೆ.

ತೆರೆಯದಿರಲು ಮೊದಲ ಕಾರಣ ಅವಸರ. ವಸಡನ್ನು ಸರಿಸಲು ಸಲ್ಕಸ್‌ಗೆ ತುಂಬುವ ದಾರವಾದ ಕಾರ್ಡ್ ಇಟ್ಟು ಎರಡು ನಿಮಿಷದಲ್ಲೇ ಎಳೆದರೆ ವಸಡಿನ ನಾರುಗಳು ಮಣಿದಿರುವುದಿಲ್ಲ. ಕೊನೆಯ ತುದಿಯನ್ನು ಒಳಗೆ ಸೇರಿಸಿದ ಕ್ಷಣದಿಂದ ಲೆಕ್ಕ ಹಾಕಿ ಕನಿಷ್ಠ ನಾಲ್ಕು ನಿಮಿಷವಾದರೂ ಕಾರ್ಡ್ ಅಲ್ಲಿರಬೇಕು. ಮೊದಲ ತುದಿಯಿಂದ ಎಣಿಸಿದರೆ ಕೊನೆಯಲ್ಲಿ ತುಂಬಿದ ಭಾಗಕ್ಕೆ, ಹೆಚ್ಚಾಗಿ ಅದು ಹಿಂಬದಿಯ ಮೂಲೆಯೇ ಆಗಿರುತ್ತದೆ, ಸಮಯ ಕಡಿಮೆ ಬೀಳುತ್ತದೆ. ಗೋಡೆಯ ಗಡಿಯಾರ ನೋಡಿ ಅಂದಾಜು ಮಾಡುವ ಬದಲು ಸಹಾಯಕರಿಗೆ ಟೈಮರ್ ಇಡಲು ಹೇಳುವುದು ಒಳ್ಳೆಯದು.

ಎರಡನೆಯ ಕಾರಣ ತಡ. ಕಾರ್ಡ್ ತೆಗೆದ ಮೇಲೆ ವಸಡು ಸೆಕೆಂಡುಗಳ ಲೆಕ್ಕದಲ್ಲಿ ಮುಚ್ಚಿಕೊಳ್ಳತೊಡಗುತ್ತದೆ. ಕಾರ್ಡ್ ತೆಗೆದು, ಆಮೇಲೆ ಸಿರಿಂಜ್‌ಗೆ ತುದಿ ಹಾಕಿ, ಆಮೇಲೆ ಪುಟ್ಟಿ (ಟ್ರೇಗೆ ತುಂಬುವ ಗಟ್ಟಿ ಸಾಮಗ್ರಿ) ಕಲಸುವ ಕ್ರಮದಲ್ಲಿ ಯಾವ ಕಾರ್ಡ್ ಬಳಸಿದರೂ ಫಲ ಸಿಗದು. ಟ್ರೇ ತುಂಬುತ್ತಿರುವಾಗಲೇ ಕಾರ್ಡ್ ಹೊರಬರಬೇಕು, ಅದರ ಹಿಂದೆಯೇ ಸಿರಿಂಜ್‌ನ ತುದಿ ಸಲ್ಕಸ್‌ಗೆ ಇಳಿಯಬೇಕು. ಕ್ಲಿನಿಕ್‌ನಲ್ಲಿ ಒಬ್ಬರೇ ಕೆಲಸ ಮಾಡುವವರಿಗೆ ಇದು ನಿಜಕ್ಕೂ ಕಷ್ಟ. ಅಂಥವರಿಗೆ ನಾನು ಎರಡು ಕಾರ್ಡಿನ ವಿಧಾನವನ್ನೇ ಸೂಚಿಸುತ್ತೇನೆ: 000 ಅಥವಾ 00 ಅಳತೆಯ ತೆಳು ಕಾರ್ಡ್ ತಳದಲ್ಲಿ, ಅದರ ಮೇಲೆ 0 ಅಥವಾ 1ರ ದಪ್ಪ ಕಾರ್ಡ್. ಅಚ್ಚು ತೆಗೆಯುವಾಗ ಮೇಲಿನದನ್ನು ಮಾತ್ರ ತೆಗೆದರೆ, ತಳದ್ದು ದ್ರವ ಜಿನುಗದಂತೆಯೂ ವಸಡು ಬೇಗ ಮುಚ್ಚದಂತೆಯೂ ತಡೆಯುತ್ತದೆ.

ಮೂರನೆಯ ಕಾರಣವನ್ನು ಗುರುತಿಸುವುದು ಕಷ್ಟ, ಅದಕ್ಕೇ ಅದು ಮತ್ತೆ ಮತ್ತೆ ಕಾಡುತ್ತದೆ. ಕಾರ್ಡ್ ತೀರ ಆಳಕ್ಕೆ ಹೋಗಿ, ಅದರ ಮೇಲಿನ ವಸಡು ಮಡಚಿ ಹಲ್ಲಿಗೆ ಒರಗಿಕೊಂಡಿರುತ್ತದೆ. ತುಂಬಿದವರಿಗೆ ಕೆಲಸ ಚೆನ್ನಾಗಿ ಆಗಿದೆ ಎನಿಸುತ್ತದೆ, ಏಕೆಂದರೆ ಕಾರ್ಡ್ ಎಲ್ಲಿಯೂ ಹೊರಗೆ ಇಣುಕುತ್ತಿಲ್ಲ. ಆದರೆ ಮೇಲಿನ ಕಾರ್ಡ್ ಹಲ್ಲಿನ ಸುತ್ತಲೂ ತಡೆಯಿಲ್ಲದ ಪಟ್ಟಿಯಾಗಿ ಕಣ್ಣಿಗೆ ಕಾಣುತ್ತಿರಬೇಕು. ಎಲ್ಲಿ ಅದು ವಸಡಿನಡಿ ಮರೆಯಾಗಿದೆಯೋ ಅಲ್ಲಿಯೇ ಅಚ್ಚಿನ ಸೆರಗು ಕೂಡ ಮರೆಯಾಗುತ್ತದೆ. ಹಾಗೆ ಮರೆಯಾದ ಕಡೆ ಇನ್ನೊಂದು ತುಂಡು ಕಾರ್ಡನ್ನು ಅದರ ಮೇಲಿಟ್ಟು ಮತ್ತೆ ಕಾಯಬೇಕು.

ಅಂಚು ಉರುಟಾಗಿ, ನುಣುಪಾಗಿ ಹೊಳೆಯುತ್ತಿದೆ

ಈ ನೋಟಕ್ಕೂ ಹಿಂದಿನದಕ್ಕೂ ವ್ಯತ್ಯಾಸವನ್ನು ಕಣ್ಣು ಕಲಿಯಬೇಕು. ಅಂಚು ಕರಗಿದ ಮೇಣದಂತೆ ಉರುಟಾಗಿದ್ದು ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ, ಅಲ್ಲಿ ದ್ರವವಿತ್ತು. ಅದು ರಕ್ತವಾಗಿರಬಹುದು, ಜೊಲ್ಲಾಗಿರಬಹುದು, ರಕ್ತ ನಿಲ್ಲಿಸುವ ಔಷಧವನ್ನು ತೊಳೆದ ಮೇಲೆ ಸರಿಯಾಗಿ ಒಣಗಿಸದ ನೀರೇ ಆಗಿರಬಹುದು. ಡಬ್ಬಿಯ ಮೇಲೆ ಜಲಸ್ನೇಹಿ ಎಂದು ಬರೆದಿದ್ದರೂ ಅಡಿಶನ್ ಸಿಲಿಕೋನ್ ರಕ್ತವನ್ನು ಪಕ್ಕಕ್ಕೆ ತಳ್ಳಿ ಅಂಚನ್ನು ಹುಡುಕಿಕೊಂಡು ಹೋಗುವುದಿಲ್ಲ. ಇನ್ನೊಂದು ಬಗೆಯ ಅಚ್ಚಿನ ಸಾಮಗ್ರಿಯಾದ ಪಾಲಿಈಥರ್ ತೇವವನ್ನು ಇದಕ್ಕಿಂತ ಸ್ವಲ್ಪ ಚೆನ್ನಾಗಿ ತಾಳಿಕೊಳ್ಳುತ್ತದೆಯಾದರೂ ರಕ್ತದ ಮಡುವಿನಲ್ಲಿ ಅದೂ ಸೋಲುತ್ತದೆ, ಮತ್ತು ಬಿರುಸಾದ ಸಾಮಗ್ರಿಯಾದ್ದರಿಂದ ಹಲ್ಲುಗಳ ನಡುವಿನ ದೊಡ್ಡ ಸಂದುಗಳನ್ನು ಮೊದಲೇ ಮುಚ್ಚದಿದ್ದರೆ ಟ್ರೇ ತೆಗೆಯುವುದೇ ಸಾಹಸವಾಗುತ್ತದೆ.

ರಕ್ತದ ಸಂಗತಿಯಲ್ಲಿ ನಿಧಾನವಾಗಿ ಯೋಚಿಸಬೇಕು, ಏಕೆಂದರೆ ಇಲ್ಲಿಯೇ ನಾವು ಹೆಚ್ಚು ತಪ್ಪುತ್ತೇವೆ. ರಕ್ತ ಯಾವಾಗ ಶುರುವಾಯಿತು ಎಂಬುದು ಮೊದಲ ಪ್ರಶ್ನೆ.

ಟೆಂಪರರಿ ಕ್ರೌನ್ ತೆಗೆದಾಗಲೇ ವಸಡು ಕೆಂಪಾಗಿ, ಉಬ್ಬಿ, ಪ್ರೋಬ್ (ಸಲ್ಕಸ್ ಪರೀಕ್ಷಿಸುವ ತೆಳು ಸಲಾಕೆ) ತಾಗಿದರೆ ಒಸರುವಂತಿದ್ದರೆ ಅದು ಉರಿಯೂತ. ಯಾವ ಔಷಧವೂ ಅದನ್ನು ಆ ಹತ್ತು ನಿಮಿಷದಲ್ಲಿ ಗುಣಪಡಿಸದು. ಕೆಳದವಡೆಯ ಮೊದಲ ದವಡೆ ಹಲ್ಲೊಂದಕ್ಕೆ ನಾನು ಒಂದೇ ಮಧ್ಯಾಹ್ನ ಮೂರು ಅಚ್ಚು ತೆಗೆದು, ಮೂರರಲ್ಲಿಯೂ ಹಿಂಬದಿಯ ಅಂಚು ಕಳೆದುಕೊಂಡಿದ್ದೇನೆ. ಪ್ರತಿ ಸಲ ಔಷಧವನ್ನು ಹೆಚ್ಚಿಸಿದೆ, ಪ್ರತಿ ಸಲ ಹಾನಿಯೂ ಹೆಚ್ಚಿತು. ಕೊನೆಗೆ ಟೆಂಪರರಿ ಕ್ರೌನನ್ನು ಕೈಯಲ್ಲಿ ಹಿಡಿದು ನೋಡಿದಾಗ ಅದರ ಹಿಂಬದಿಯ ಅಂಚು ಚಾಚಿಕೊಂಡು ಎರಡು ವಾರದಿಂದ ವಸಡನ್ನು ಒತ್ತುತ್ತಿದ್ದುದು ಕಂಡಿತು. ಅದನ್ನು ತಿದ್ದಿ, ಉಜ್ಜಿ ಹೊಳಪು ಕೊಟ್ಟು, ಮತ್ತೆ ಅಂಟಿಸಿ, 0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್‌ನಿಂದ ಬಾಯಿ ಮುಕ್ಕಳಿಸಲು ಹೇಳಿ ಕಳುಹಿಸಿದೆ. ಎರಡು ವಾರದ ನಂತರ ಅದೇ ಕಾರ್ಡ್, ಅದೇ ಸಾಮಗ್ರಿಯಲ್ಲಿ ಮೊದಲ ಪ್ರಯತ್ನಕ್ಕೇ ಅಂಚು ಮೂಡಿತು. ರೋಗಿಗೆ ಅಂದು ಕೊಟ್ಟ ನೋವು ಅನಗತ್ಯವಾಗಿತ್ತು ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ. ಉರಿಯೂತವಿದ್ದ ದಿನ ಅಚ್ಚು ತೆಗೆಯದೆ ಕಳುಹಿಸುವುದೇ ಸರಿಯಾದ ಚಿಕಿತ್ಸೆ.

ಹಲ್ಲು ಕೊರೆಯುವಾಗ ಶುರುವಾದ ರಕ್ತಕ್ಕೆ ಕಾರಣ ಬರ್, ಅಂದರೆ ಕೊರೆಯುವ ಮೊನೆ. ಅಂಚು ವಸಡಿನ ಕೆಳಗೆ ಹೋಗಬೇಕಿದ್ದರೆ ಕೊನೆಯ ಹಂತದ ಕೊರೆತಕ್ಕೆ ಮೊದಲೇ ತೆಳು ಕಾರ್ಡ್ ಇಟ್ಟು ವಸಡನ್ನು ಕೆಳಗಿಳಿಸಿಕೊಂಡರೆ ಈ ಗಾಯ ಬಹುಮಟ್ಟಿಗೆ ತಪ್ಪುತ್ತದೆ. ಇನ್ನು ಎಲ್ಲವೂ ಶುಭ್ರವಾಗಿದ್ದು, ಕಾರ್ಡ್ ಎಳೆದ ಕ್ಷಣದಲ್ಲೇ ರಕ್ತ ಚಿಮ್ಮಿದರೆ ಕಾರ್ಡ್ ಒಣಗಿತ್ತು ಎಂದು ತಿಳಿಯಬೇಕು. ಒಣ ಕಾರ್ಡ್ ಸಲ್ಕಸ್‌ನ ಒಳಪದರಕ್ಕೆ ಅಂಟಿಕೊಂಡು ಅದನ್ನೇ ಕಿತ್ತುಕೊಂಡು ಬರುತ್ತದೆ. ತೆಗೆಯುವ ಮೊದಲು ಒಂದೆರಡು ಹನಿ ನೀರು ಹಾಕಿ ತೇವ ಮಾಡಿದರೆ ಸಾಕು. ಇಷ್ಟು ಸಣ್ಣ ಕ್ರಮ ಎಷ್ಟೋ ಅಚ್ಚುಗಳನ್ನು ಉಳಿಸುತ್ತದೆ.

ರೋಗಿಯ ಔಷಧಗಳನ್ನೂ ಕೇಳಬೇಕು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಸೇವಿಸುವವರಲ್ಲಿ ಒಸರುವಿಕೆ ಹೆಚ್ಚು ಹೊತ್ತು ಇರುತ್ತದೆ, ಆದರೆ ಒಂದು ಅಚ್ಚಿಗಾಗಿ ಅವುಗಳನ್ನು ನಾವಾಗಿಯೇ ನಿಲ್ಲಿಸಲು ಹೇಳಬಾರದು. ರಕ್ತದೊತ್ತಡಕ್ಕಾಗಿ ಆಮ್ಲೊಡಿಪಿನ್, ಮೂರ್ಛೆರೋಗಕ್ಕಾಗಿ ಫೆನಿಟಾಯಿನ್ ತೆಗೆದುಕೊಳ್ಳುವ ಕೆಲವರಲ್ಲಿ ವಸಡೇ ಬೆಳೆದು ದಪ್ಪಗಾಗಿರುತ್ತದೆ. ಅಲ್ಲಿ ಕಾರ್ಡಿನ ಅಳತೆಯನ್ನು ಬದಲಿಸುವುದಕ್ಕಿಂತ ಮೊದಲು ವಸಡಿನ ಚಿಕಿತ್ಸೆ ಆಗಬೇಕು.

ಔಷಧದ ಆಯ್ಕೆ ಮತ್ತು ಅದರಿಂದ ಬರುವ ದೋಷ

ಯಾವ ಔಷಧ ಉತ್ತಮ ಎಂಬುದರಲ್ಲಿ ದಂತವೈದ್ಯರಿಗೆ ಗಟ್ಟಿಯಾದ ಒಲವುಗಳಿವೆ, ನನಗೂ ಇವೆ. ದಿನನಿತ್ಯದ ಕೆಲಸಕ್ಕೆ ನಾನು ಅಲ್ಯೂಮಿನಿಯಂ ಕ್ಲೋರೈಡ್ ಆರಿಸುತ್ತೇನೆ. 20ರಿಂದ 25 ಶೇಕಡಾ ದ್ರಾವಣದಲ್ಲಿ ನೆನೆಸಿದ ಕಾರ್ಡ್ ಅಂಗಾಂಶವನ್ನು ಕುಗ್ಗಿಸುತ್ತದೆ, ಕಲೆ ಮಾಡುವುದಿಲ್ಲ, ಹೃದಯದ ಬಡಿತವನ್ನು ಕೆಣಕುವುದಿಲ್ಲ. ಆದರೆ ಈಗಾಗಲೇ ಹರಿಯುತ್ತಿರುವ ರಕ್ತವನ್ನು ನಿಲ್ಲಿಸುವುದರಲ್ಲಿ ಫೆರಿಕ್ ಸಲ್ಫೇಟ್ ಅದಕ್ಕಿಂತ ಬಲವಾದದ್ದು. 15.5 ಅಥವಾ 20 ಶೇಕಡಾ ಫೆರಿಕ್ ಸಲ್ಫೇಟನ್ನು ಸುಮ್ಮನೆ ಮೇಲೆ ಸವರಿದರೆ ಸಾಲದು; ಮೆದು ಕುಂಚವಿರುವ ಸಿರಿಂಜ್ ತುದಿಯಿಂದ ರಕ್ತ ಬರುವ ಜಾಗಕ್ಕೆ ಉಜ್ಜಬೇಕು, ನೀರಿನ ಧಾರೆಯಿಂದ ಬಲವಾಗಿ ತೊಳೆಯಬೇಕು, ಮತ್ತೆ ಒಸರಿದರೆ ಮತ್ತೆ ಉಜ್ಜಬೇಕು. ಹೀಗೆ ತೊಳೆಯದೆ ಬಿಟ್ಟ ಕಪ್ಪು ಹೆಪ್ಪು ಅಚ್ಚಿನಲ್ಲಿ ಒರಟಾದ, ಚಿಂದಿಯಂತಹ ಮೇಲ್ಮೈಯಾಗಿ ಮೂಡುತ್ತದೆ. ಒಂದೆರಡು ದಿನ ವಸಡು ಕಪ್ಪಾಗಿ ಕಾಣಬಹುದೆಂದು ರೋಗಿಗೆ ಮುಂಚೆಯೇ ಹೇಳಬೇಕು, ಮುಂಭಾಗದ ಹಲ್ಲುಗಳಲ್ಲಿ ಅದನ್ನು ಸಾಧ್ಯವಾದಷ್ಟು ದೂರವಿಡಬೇಕು. ಎರಡೂ ಆಮ್ಲೀಯ ದ್ರಾವಣಗಳಾದ್ದರಿಂದ ಕೊರೆದ ಹಲ್ಲಿನ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಡುವುದೂ ಸರಿಯಲ್ಲ.

ಎಪಿನೆಫ್ರಿನ್ ಸೇರಿಸಿದ ಕಾರ್ಡ್ ರಕ್ತನಾಳಗಳನ್ನು ಚೆನ್ನಾಗಿ ಕುಗ್ಗಿಸುತ್ತದೆ. ಆದರೆ ಗಾಯಗೊಂಡ ವಸಡಿನಿಂದ ಅದು ರಕ್ತಕ್ಕೆ ಎಷ್ಟು ಸೇರುತ್ತದೆ ಎಂಬುದು ನಮ್ಮ ಹಿಡಿತದಲ್ಲಿಲ್ಲ. ಹೃದಯರೋಗ, ಅಧಿಕ ರಕ್ತದೊತ್ತಡ, ಥೈರಾಯ್ಡ್ ಅತಿಸ್ರಾವ ಇರುವವರಲ್ಲಿ ಎದೆ ಬಡಿತ ಏರಿ, ಕೈ ನಡುಗಿ, ಗಾಬರಿಯಾಗುವ ಸಂಭವವಿದೆ. ಅದೇ ಕೆಲಸಕ್ಕೆ ಅಪಾಯವಿಲ್ಲದ ಔಷಧ ಕೈಯಲ್ಲಿರುವಾಗ ನಾನು ಅದನ್ನು ಬಳಸುವುದನ್ನೇ ಬಿಟ್ಟಿದ್ದೇನೆ. ಬಳಸುವವರು ಎಪಿನೆಫ್ರಿನ್ ಕಾರ್ಡಿಗೆ ಫೆರಿಕ್ ಸಲ್ಫೇಟನ್ನು ಮಾತ್ರ ಎಂದೂ ಸೋಕಿಸಬಾರದು. ಎರಡೂ ಕೂಡಿದರೆ ಕಡುನೀಲಿ ಗಷ್ಟು ಕೂತು ಹಲ್ಲನ್ನೂ ವಸಡನ್ನೂ ಕಲೆಗೆಡಿಸುತ್ತದೆ.

ಸೆರಗು ಹರಿದಿದೆ, ಅಥವಾ ಅಂಚಿನ ಬಳಿ ಅಂಟಂಟಾಗಿದೆ

ಇವೆರಡನ್ನು ಒಂದೇ ಎಂದು ಭಾವಿಸುವವರಿದ್ದಾರೆ. ಬೆರಳಿನಿಂದ ಮುಟ್ಟಿ ನೋಡಿದರೆ ಬೇರೆ ಬೇರೆ ಎಂದು ತಿಳಿಯುತ್ತದೆ. ಹರಿದ ಅಂಚು ಗರಗಸದಂತೆ ಏರುಪೇರಾಗಿದ್ದು, ಮುಟ್ಟಿದರೆ ಗಟ್ಟಿಯಾಗಿ ಪುಟಿಯುತ್ತದೆ. ಸಂದು ಕಿರಿದಾಗಿದ್ದುದು, ಟ್ರೇಯನ್ನು ಅವಧಿಗೆ ಮುನ್ನ ತೆಗೆದುದು, ಇಲ್ಲವೇ ಒಂದೇ ಎಳೆತದಲ್ಲಿ ತೆಗೆಯದೆ ಅಲ್ಲಾಡಿಸುತ್ತಾ ತೆಗೆದುದು ಅದಕ್ಕೆ ಕಾರಣ. ಹರಿದ ತುಣುಕು ಸಲ್ಕಸ್‌ನಲ್ಲಿಯೇ ಉಳಿದಿರುತ್ತದೆ, ಅದನ್ನು ಆಗಲೇ ಹುಡುಕಿ ತೆಗೆಯಬೇಕು.

ಅಂಟಂಟಾದ ಅಂಚು ಮಾತ್ರ ಬೆರಳಿಗೆ ಮೆತ್ತಿಕೊಳ್ಳುತ್ತದೆ; ಸುತ್ತಲಿನ ಸಾಮಗ್ರಿ ಗಟ್ಟಿಯಾಗಿದ್ದರೂ ಅಲ್ಲಿ ಮಾತ್ರ ಸೆಟ್ ಆಗಿಲ್ಲ. ಇದು ರಾಸಾಯನಿಕ ಅಡಚಣೆ. ಅಡಿಶನ್ ಸಿಲಿಕೋನ್ ಗಟ್ಟಿಯಾಗುವುದು ಪ್ಲಾಟಿನಂ ವೇಗವರ್ಧಕದ ಬಲದಿಂದ, ಗಂಧಕ ಅದನ್ನು ಕೆಡಿಸುತ್ತದೆ. ಲೇಟೆಕ್ಸ್ ಕೈಗವಸು ಹಾಕಿಕೊಂಡು ಪುಟ್ಟಿ ಕಲಸಿದರೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದೇ ಕೈಯಿಂದ ಕಾರ್ಡ್ ಹೊಸೆದರೆ, ಕೊರೆದ ಹಲ್ಲನ್ನು ಸವರಿದರೆ ಗಂಧಕ ಅಂಚಿಗೂ ತಲುಪುತ್ತದೆ ಎಂಬುದನ್ನು ಮರೆಯುತ್ತೇವೆ. ತೊಳೆಯದೆ ಉಳಿದ ರಕ್ತಸ್ತಂಭಕ ಔಷಧವೂ ಮೇಲ್ಮೈಯ ವಿವರವನ್ನು ಹಾಳು ಮಾಡಬಲ್ಲದು. ಅಚ್ಚಿನ ದಿನ ನೈಟ್ರೈಲ್ ಅಥವಾ ವಿನೈಲ್ ಕೈಗವಸು ಹಾಕಿ, ಔಷಧವನ್ನು ಪೂರ್ತಿ ತೊಳೆದು, ಹಲ್ಲನ್ನು ಒಣಗಿಸಿದ ನಂತರವೂ ಅಂಟು ಕಂಡರೆ ಮಾತ್ರ ಸಾಮಗ್ರಿಯ ಅವಧಿ ಮುಗಿದಿದೆಯೇ ಎಂದು ನೋಡಿ.

ಗುಳ್ಳೆ ಮತ್ತು ಮಡಿಕೆ

ದುಂಡಗಿನ ಗುಳ್ಳೆ ಗಾಳಿಯದು. ಸಿರಿಂಜ್‌ನ ತುದಿಯನ್ನು ಎತ್ತಿ ಎತ್ತಿ ಇಡದೆ, ಸಾಮಗ್ರಿಯೊಳಗೇ ಮುಳುಗಿಸಿಟ್ಟು ಹಲ್ಲಿನ ಸುತ್ತ ಒಂದು ಪೂರ್ಣ ಸುತ್ತು ಬಂದರೆ ಅದು ಬರುವುದಿಲ್ಲ. ಅಚ್ಚು ಶುಭ್ರವಾಗಿದ್ದು, ಅದಕ್ಕೆ ಜಿಪ್ಸಂ ಸುರಿದು ಮಾಡಿದ ಕಲ್ಲಿನ ಮಾದರಿಯಲ್ಲಿ ಮಾತ್ರ ಸೂಜಿಮೊನೆಯಷ್ಟು ಕುಳಿಗಳು ಕಂಡರೆ ವಸಡಿನ ತಪ್ಪಲ್ಲ. ಕೆಲವು ಸಿಲಿಕೋನ್‌ಗಳು ಬಿಡುವ ಹೈಡ್ರೋಜನ್ ಹೊರಹೋಗುವ ಮೊದಲೇ ಅಚ್ಚಿಗೆ ಜಿಪ್ಸಂ ತುಂಬಿಸಿದ್ದಾರೆ.

ಲೈಟ್ ಬಾಡಿ ಮತ್ತು ಪುಟ್ಟಿಯ ನಡುವೆ ಗೆರೆ ಅಥವಾ ಮಡಿಕೆ ಕಂಡರೆ ಒಂದು ಇನ್ನೊಂದಕ್ಕೆ ಬೆಸೆಯುವ ಮೊದಲೇ ಗಟ್ಟಿಯಾಗಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಕಡೆಯ ಕ್ಲಿನಿಕ್‌ಗಳಲ್ಲಿ, ಅದರಲ್ಲಿಯೂ ಕರೆಂಟ್ ಹೋಗಿ ಏಸಿ ನಿಂತ ಮಧ್ಯಾಹ್ನಗಳಲ್ಲಿ, ಈ ದೋಷ ಸಹಜವಾಗಿ ಹೆಚ್ಚುತ್ತದೆ. ಕೋಣೆ ಬಿಸಿಯಾದಷ್ಟೂ ಕೆಲಸಕ್ಕೆ ಸಿಗುವ ಅವಧಿ ಕಿರಿದಾಗುತ್ತದೆ, ಡಬ್ಬಿಯ ಮೇಲೆ ಬರೆದ ನಿಮಿಷಗಳು ಅಲ್ಲಿ ನಿಜವಾಗುವುದಿಲ್ಲ.

ಕ್ರೌನ್ ಕೂತ ಮೇಲೆ ಹೊರಬರುವ ದೋಷ

ಅಚ್ಚು ನಿರ್ದೋಷವಾಗಿದ್ದು, ಕ್ರೌನ್ ಸರಿಯಾಗಿ ಕೂತು, ಕೆಲವು ವಾರಗಳ ನಂತರ ವಸಡು ಕೆಳಗಿಳಿದು ಅಂಚು ಹೊರಗೆ ಕಂಡರೆ ವಸಡನ್ನು ಸರಿಸುವಾಗಿನ ಬಲಪ್ರಯೋಗವನ್ನು ಶಂಕಿಸಬೇಕು. ಸಲ್ಕಸ್‌ನ ತಳದಿಂದ ಮೂಳೆಯವರೆಗಿನ ಅಂಟಿಕೆಯ ಪಟ್ಟಿ ಸರಾಸರಿ 2 ಮಿಲಿಮೀಟರ್ ಮಾತ್ರ, ಸಲ್ಕಸ್‌ನ ಸರಾಸರಿ ಆಳ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಈ ಅಳತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ದಪ್ಪ ಕಾರ್ಡನ್ನು ಬಲವಾಗಿ ತುರುಕುವ ಕೈ ತಾನೇ ಹಗುರವಾಗುತ್ತದೆ. ಪ್ರೋಬ್ ಸಲ್ಕಸ್‌ನೊಳಗೆ ಇಳಿದಾಗ ವಸಡಿನ ಮೂಲಕ ಕಾಣಿಸುವಷ್ಟು ವಸಡು ತೆಳುವಾಗಿದ್ದರೆ ಎರಡು ಕಾರ್ಡ್ ಬೇಡ. ತೆಳುವಾದ ಒಂದೇ ಕಾರ್ಡ್ ಅಥವಾ ಕಾರ್ಡಿನ ಬದಲು ಸಲ್ಕಸ್‌ಗೆ ತುಂಬುವ ಪೇಸ್ಟ್ ಸಾಕು, ಅಂಚನ್ನು ವಸಡಿನ ಮಟ್ಟದಲ್ಲಿಯೇ ನಿಲ್ಲಿಸಲು ಸಾಧ್ಯವೇ ಎಂದು ಕೊರೆಯುವ ಮೊದಲೇ ಯೋಚಿಸಬೇಕು.

ವಸಡು ಇಳಿಯುವ ಬದಲು ಒಂದೇ ಜಾಗದಲ್ಲಿ ಊದಿ ನೋಯುತ್ತಿದ್ದರೆ ಮರೆತ ಕಾರ್ಡಿನ ತುಂಡನ್ನು ಹುಡುಕಿ. ತಳದ ಕಾರ್ಡ್ ಅಚ್ಚಿನೊಂದಿಗೆ ಬಂದಿದೆಯೇ, ಬಾಯಿಯಲ್ಲಿಯೇ ಇದೆಯೇ ಎಂದು ನೋಡಿದ ಮೇಲೆಯೇ ಟೆಂಪರರಿ ಕ್ರೌನ್ ಅಂಟಿಸಬೇಕು. ಬಳಸಿದ ಕಾರ್ಡುಗಳ ಸಂಖ್ಯೆಯನ್ನು ಕಡತದಲ್ಲಿ ಬರೆದಿಡುವುದನ್ನು ನನ್ನ ಸಹಾಯಕರಿಗೆ ನಿಯಮವಾಗಿಯೇ ಹೇಳಿದ್ದೇನೆ.

ಕಾರ್ಡ್ ಬಿಟ್ಟು ಬೇರೆ ದಾರಿ ಯಾವಾಗ

ಪೇಸ್ಟ್ ಇಷ್ಟಪಡುವ ಸಹೋದ್ಯೋಗಿಗಳ ವಾದದಲ್ಲಿ ಹುರುಳಿದೆ. ಕೇಯಲಿನ್ ಜೇಡಿಯಲ್ಲಿ 15 ಶೇಕಡಾ ಅಲ್ಯೂಮಿನಿಯಂ ಕ್ಲೋರೈಡ್ ಬೆರೆತ ಪೇಸ್ಟನ್ನು ಸಲ್ಕಸ್‌ಗೆ ತುಂಬಿ ಒಂದೆರಡು ನಿಮಿಷ ಬಿಟ್ಟು ತೊಳೆದರೆ ಸಾಕು. ನೋವು ಕಡಿಮೆ, ಗಾಯ ಕಡಿಮೆ, ಒಂದೇ ಸಲ ನಾಲ್ಕಾರು ಹಲ್ಲುಗಳಿದ್ದರೆ ಸಮಯ ಬಹಳ ಉಳಿಯುತ್ತದೆ. ಅಂಚು ವಸಡಿನ ಮಟ್ಟದಲ್ಲಿ ಅಥವಾ ಅರ್ಧ ಮಿಲಿಮೀಟರ್ ಕೆಳಗಿದ್ದರೆ ನಾನೂ ಅದನ್ನೇ ಬಳಸುತ್ತೇನೆ. ಆದರೆ ಆಳದ ಅಂಚಿನಲ್ಲಿ, ದಪ್ಪ ಬಿಗಿ ವಸಡಿನಲ್ಲಿ ಪೇಸ್ಟ್ ಬಲ ಸಾಲದೆ ಸೆರಗಿಲ್ಲದ ಅಚ್ಚು ಕೊಡುತ್ತದೆ. ಅಲ್ಲಿ ಕಾರ್ಡಿಗೆ ಮರಳಬೇಕು. ಇಂಪ್ಲಾಂಟ್ ಸುತ್ತಲಿನ ವಸಡಿನ ಅಂಟಿಕೆ ಹಲ್ಲಿನದರಷ್ಟು ಗಟ್ಟಿಯಲ್ಲ, ಅಲ್ಲಿ ಕಾರ್ಡ್ ತುರುಕುವುದಕ್ಕೆ ನಾನು ವಿರೋಧಿ.

ನಮ್ಮಲ್ಲಿ ಅಡಿಕೆ, ಗುಟ್ಕಾ ಜಗಿದು ಬಾಯಿ ಬಿಗಿದುಕೊಂಡವರು ಕುರ್ಚಿಗೆ ಬರುವುದು ಅಪರೂಪವಲ್ಲ. ಎರಡು ಬೆರಳಷ್ಟೇ ಬಾಯಿ ತೆರೆಯುವವರ ಹಿಂದಿನ ದವಡೆ ಹಲ್ಲಿಗೆ ಕಾರ್ಡ್ ತುಂಬುವ ಉಪಕರಣವೇ ಸರಿಯಾದ ಕೋನದಲ್ಲಿ ತಲುಪದು. ಅಂಥಲ್ಲಿ ಬಾಗಿದ ತುದಿಯಿಂದ ಪೇಸ್ಟ್ ಹಾಕುವುದು ಕೈಗೆಟುಕುವ ಉಪಾಯ.

ಬೆಳೆದು ಅಂಚಿನ ಮೇಲೆ ಬಿದ್ದ ವಸಡನ್ನು ಕಾರ್ಡ್ ಸರಿಸಲಾರದು, ಕತ್ತರಿಸಿಯೇ ತೆಗೆಯಬೇಕು. ಡಯೋಡ್ ಲೇಸರ್ ಇದನ್ನು ಹೆಚ್ಚು ರಕ್ತವಿಲ್ಲದೆ ಮಾಡುತ್ತದೆ. ವಿದ್ಯುತ್ ಶಸ್ತ್ರದಿಂದಲೂ ಆಗುತ್ತದೆ, ಆದರೆ ಪೇಸ್‌ಮೇಕರ್ ಇರುವವರಲ್ಲಿ ಅದನ್ನು ಬಳಸಬಾರದು, ಇಂಪ್ಲಾಂಟ್ ಅಥವಾ ಲೋಹದ ಫಿಲ್ಲಿಂಗ್‌ಗೆ ತಾಗಿಸಬಾರದು. ತೆಳು ವಸಡಿರುವ ಮುಂಭಾಗದ ಹಲ್ಲುಗಳಲ್ಲಿ ಕತ್ತರಿಸಿದ ವಸಡು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಖಚಿತವಾಗಿ ಹೇಳಲಾಗದು.

ಅಚ್ಚಿನ ಬದಲು ಬಾಯಿಯನ್ನೇ ಕ್ಯಾಮೆರಾದಿಂದ ದಾಖಲಿಸುವ ಸ್ಕ್ಯಾನರ್ ಕೊಂಡವರು ಕಾರ್ಡಿನ ಕಾಟ ತಪ್ಪಿತೆಂದು ಭಾವಿಸುವುದನ್ನು ಕಂಡಿದ್ದೇನೆ. ಸಿಲಿಕೋನ್ ಒತ್ತಡಕ್ಕೆ ಸಂದಿಯೊಳಗೆ ಸ್ವಲ್ಪವಾದರೂ ನುಗ್ಗುತ್ತದೆ. ಬೆಳಕು ಹಾಗಲ್ಲ, ಕ್ಯಾಮೆರಾ ನೇರವಾಗಿ ಕಂಡದ್ದನ್ನು ಮಾತ್ರ ದಾಖಲಿಸುತ್ತದೆ. ಒರಗಿದ ವಸಡು, ತೆಳುವಾದ ರಕ್ತದ ಪದರ, ಹೊಳೆಯುವ ಜೊಲ್ಲು ಪರದೆಯ ಮೇಲೆ ಹಲ್ಲಿನೊಂದಿಗೆ ಬೆರೆತು ಹೋಗಿ, ಅಂಚಿನ ಗೆರೆಯನ್ನು ತಂತ್ರಾಂಶ ತನಗೆ ತೋಚಿದಲ್ಲಿ ಎಳೆಯುತ್ತದೆ. ಒಂದು ಅನುಕೂಲ ಮಾತ್ರ ನಿಜ: ದೋಷವಿರುವ ತುಣುಕನ್ನಷ್ಟೇ ಅಳಿಸಿ, ಆ ಜಾಗದ ವಸಡನ್ನು ಮತ್ತೆ ಸರಿಸಿ, ಅಲ್ಲಿ ಮಾತ್ರ ಪುನಃ ಸ್ಕ್ಯಾನ್ ಮಾಡಬಹುದು. ಆ ಪುನಃ ಸ್ಕ್ಯಾನ್‌ಗೂ ಮುನ್ನ ಕಾರ್ಡಿಗೆ ಅದರ ನಾಲ್ಕು ನಿಮಿಷ ಕೊಡಲೇಬೇಕು.